ಹತ್ತನೆಯ ತಂಬಿಗೆ

“ಮನೆ ನಾಲ್ಕು. ನೀರು, ಅರ್ಧ ಲೋಟ. ಬಳಸಿದವರು ಅಪರಿಚಿತ. ಸೋರಿಕೆ.”

ಗೋಡೆಯೊಳಗಿಂದ ಬಂದ ಈ ಮಾತು ಕೇಳಿ, ಟಪಾಲು ಹಂಚುವ ಹೆಣ್ಣುಮಗಳು ಲೋಟವನ್ನು ತುಟಿಯಿಂದ ಇಳಿಸಿದಳು. ಉಳಿದರ್ಧ ಕುಡಿಯಬೇಕೋ ಬಿಡಬೇಕೋ ತಿಳಿಯದೆ ಗೋಡೆಯನ್ನೇ ನೋಡಿದಳು. ಗದಗಿನ ಚೈತ್ರದ ಬಿಸಿಲಿನಲ್ಲಿ ಬೆಳಗಿನಿಂದ ತಿರುಗಿ ಬಂದವಳು ಅವಳು.

“ಕುಡಿಯವ್ವ,” ಎಂದಳು ನಾಲ್ಕನೆಯ ಮನೆಯ ನೀಲಗಂಗವ್ವ ಹೂಗಾರ, ಕಟ್ಟುತ್ತಿದ್ದ ಮಲ್ಲಿಗೆಯಿಂದ ತಲೆ ಎತ್ತದೆ. “ಗ್ವಾಡಿ ಮಾತಾಡಿದ್ರ ಮಾತಾಡ್ಲಿ. ಅದಕ್ಕೇನು ನೀರಡಿಕಿ ಗೊತ್ತೈತಿ?”

ಆ ಗೋಡೆಯಲ್ಲಿದ್ದದ್ದು ಪಾಲುಮಾಪಕ. ಧಾರವಾಡದ ವಿಜ್ಞಾನಿ ಡಾ. ವಿಜಯೀಂದ್ರ ಗಲಗಲಿ ಹನ್ನೊಂದು ವರ್ಷ ಹಟ ಹಿಡಿದು ಕೂತು ಕಟ್ಟಿದ ಯಂತ್ರ. ೨೦೬೮ರ ಹೊತ್ತಿಗೆ ನಾಡಿನ ಬಾಡಿಗೆ ಮನೆಗಳಲ್ಲೆಲ್ಲ ಅದು ಬಂದು ಕೂತಿತ್ತು. ಅದರ ತತ್ವ ಸರಳ. ಪ್ರತಿ ಮನೆಯ ನಳದ ಬಾಯಿಗೆ ಒಂದು ಉಂಗುರ. ಅದನ್ನು ದಾಟಿ ಬರುವ ನೀರಿಗೆ ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ, ಹೊಟ್ಟೆಗೆ ಕೇಡಿಲ್ಲದ ಸೂಕ್ಷ್ಮಕಣಗಳು ಸೇರಿಕೊಳ್ಳುತ್ತವೆ. ಒಂದೊಂದು ಮನೆಯ ಕಣಗಳಿಗೆ ಒಂದೊಂದು ವಿನ್ಯಾಸ. ಇದಕ್ಕೆ ಜಲಮುದ್ರೆ ಎಂದು ಹೆಸರು. ಗೋಡೆಯಲ್ಲಿ ಹುದುಗಿಸಿದ ಸಂವೇದಕಗಳು ಆ ಮುದ್ರೆಯನ್ನು ಓದುತ್ತವೆ. ಪಾತ್ರೆ ಮುಟ್ಟಿದ ಕೈಯ ಬಿಸಿಯನ್ನೂ ನಿಂತ ಕಾಲಿನ ಭಾರವನ್ನೂ ಅಳೆದು, ಯಾರ ಮನೆಯ ನೀರು, ಯಾರು ಬಳಸಿದರು ಎಂಬುದನ್ನು ಆ ಕ್ಷಣವೇ ಸಾರುತ್ತವೆ. ವಿದ್ಯುತ್ತಿಗೂ ಇಂಥದೇ ಒಂದು ಮುದ್ರೆಯಿತ್ತು. ನೋಂದಾಯಿಸಿದ ಮನೆಯವರನ್ನು ಯಂತ್ರ ಹೆಸರು ಹಿಡಿದು ಹೇಳುತ್ತಿತ್ತು. ಉಳಿದವರೆಲ್ಲ ಅದಕ್ಕೆ ಅಪರಿಚಿತರು.

ಇಂಥ ಯಂತ್ರ ಏಕೆ ಬೇಕಾಯಿತು ಎಂದು ಕೇಳುವವರು ಚಾಳಿನಲ್ಲಿ ಒಂದು ತಿಂಗಳು ಬಾಳಿ ನೋಡಬೇಕಿತ್ತು. ಮುಳಗುಂದ ಚಾಳಿನಲ್ಲಿ ಸಾಲಾಗಿ ಒಂಬತ್ತು ಬಾಡಿಗೆ ಮನೆಗಳು. ಮಹಡಿಯ ಮೇಲೆ ಮಾಲೀಕ ಅಂದಾನಪ್ಪ ಮುಳಗುಂದ ಮತ್ತು ಅವರ ಹೆಂಡತಿ ಗಿರಿಜವ್ವ. ಹತ್ತು ಮನೆಗೂ ಸೇರಿ ನೀರಿಗೊಂದು ಮೀಟರು, ಕರೆಂಟಿಗೊಂದು ಮೀಟರು. ಬಿಲ್ಲು ಬಂದ ದಿನ ಚಾಳಿನಲ್ಲಿ ಒಲೆ ಹೊತ್ತುವುದಕ್ಕೆ ಮುಂಚೆ ಜಗಳ ಹೊತ್ತುತ್ತಿತ್ತು. ನಿಮ್ಮ ಮನೆಗೆ ಬೀಗರು ಬಂದಿದ್ದರು, ನಿಮ್ಮ ಮಗಳು ದಿನಾ ತಲೆಗೆ ಎರೆದುಕೊಳ್ಳುತ್ತಾಳೆ, ನಿಮ್ಮ ಫ್ಯಾನು ನೀವಿಲ್ಲದಾಗಲೂ ತಿರುಗುತ್ತದೆ. ಅಂದಾನಪ್ಪನವರು ಮೆಟ್ಟಿಲ ಮೇಲೆ ಕೂತು ತಲೆ ಎಣಿಸಿ ಹಂಚುತ್ತಿದ್ದರು. ಕೆಳಗಿನ ತೊಟ್ಟಿಲ ಕೂಸನ್ನೂ ಬಿಡದ ಅವರು ಮಹಡಿಗೆ ಬಂದಾಗ ಮಾತ್ರ ಎಣಿಕೆ ಮರೆಯುತ್ತಿದ್ದರು.

ಯಂತ್ರ ಬೇಕೆಂದು ಅರ್ಜಿ ಬರೆಸಿ ಮೊದಲ ಸಹಿ ಹಾಕಿದವಳು ನೀಲಗಂಗವ್ವನೇ. ಅದು ಬಂದ ಮೊದಲ ತಿಂಗಳಲ್ಲೇ ಮಹಡಿಯ ಕೂಲರು, ಮಹಡಿಯ ಹೂದೋಟ, ದಿನಬಿಟ್ಟು ದಿನ ತೊಳೆಯುವ ಕಾರು ಎಲ್ಲ ಬಯಲಿಗೆ ಬಂದವು. ಅರ್ಧದಷ್ಟು ನೀರು ಮೇಲಿನ ಒಂದೇ ಮನೆಯದು. ಅಂದು ಚಾಳಿನಲ್ಲಿ ಗಿರ್ಮಿಟ್ಟು, ಮಿರ್ಚಿ ಹಂಚಿದರು. ಅಂದಾನಪ್ಪನವರು ಮೂರು ದಿನ ಕೆಳಗಿಳಿಯಲಿಲ್ಲ.

ಹಾವಿನ ದ್ವೇಷ ಹನ್ನೆರಡು ವರುಷ ಅನ್ನುತ್ತಾರೆ. ಅಂದಾನಪ್ಪನವರದು ಹನ್ನೆರಡು ದಿನದಲ್ಲೇ ಹಲ್ಲು ತೋರಿಸಿತು. ಆ ಮೂರು ದಿನ ಅವರು ಮೇಲೆ ಕೂತು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದರು. ಅಪರಿಚಿತರು ಬಳಸಿದ ನೀರು ಆ ಮನೆಯ ಸೋರಿಕೆ. ಸೋರಿಕೆ ವಾರದ ನೀರಿನಲ್ಲಿ ಹತ್ತರಲ್ಲೊಂದು ಪಾಲು ಮೀರಿದರೆ ನೋಟಿಸು. ಮೂರು ನೋಟಿಸು ಬಂದರೆ ಮಾಲೀಕ ಮನೆ ಬಿಡಿಸಬಹುದು.

ನೀಲಗಂಗವ್ವನಿಗೆ ಎರಡು ಬಂದಿದ್ದವು. ಮೂರನೆಯದಕ್ಕೆ ಇನ್ನು ಮೂರು ದಿನ.

ಅವಳ ಸೋರಿಕೆ ಎಂದರೆ ಬಾಗಿಲ ಮುಂದಿನ ಬೇವಿನ ಮರದಡಿಯ ಹರವಿ. ಹೊಟ್ಟೆ ದಪ್ಪನೆಯ ಮಣ್ಣಿನ ಪಾತ್ರೆ. ಯುಗಾದಿಯಿಂದ ಮೊದಲ ಮಳೆಯವರೆಗೆ ಅದರಲ್ಲಿ ತಣ್ಣಗಿನ ನೀರಿರುತ್ತದೆ. ಕಸ ಗುಡಿಸುವವರು, ಗಾಡಿ ತಳ್ಳುವವರು, ಸಾಲಿ ಮಕ್ಕಳು ಯಾರು ಬೇಕಾದರೂ ಕುಡಿದು ಹೋಗುತ್ತಾರೆ. ಅವಳ ಅತ್ತೆ ಶುರು ಮಾಡಿದ ಅರವಟ್ಟಿಗೆ ಅದು. ಹರವಿಯನ್ನು ಒಳಗಿಟ್ಟರೆ ಮನೆ ಉಳಿಯುತ್ತದೆ ಎಂದು ಬುದ್ಧಿ ಹೇಳುವವರು ಎಂಟು ಮನೆಯಲ್ಲೂ ಇದ್ದರು. ಮನೆ ಹೋದರೆ ಅವಳ ಕಸುಬೂ ಹೋಗುತ್ತಿತ್ತು. ಹೂವಿನ ಪೇಟೆ ಅಲ್ಲಿಂದ ಮೂರು ಓಣಿಯಾಚೆ. ಬೆಳಗ್ಗೆ ಬಂದ ಮಲ್ಲಿಗೆ ಬಾಡುವುದರೊಳಗೆ ಮಾಲೆಯಾಗಿ ಗಿರಾಕಿಯ ಕೈ ಸೇರಬೇಕು. ದೂರದ ಬಡಾವಣೆಯಲ್ಲಿ ಕೂತು ಆಗುವ ಕೆಲಸವಲ್ಲ. ಗಂಡ ತೀರಿದ ಮೇಲೆ ಇಪ್ಪತ್ತಾರು ವರ್ಷ ಆ ಒಂದೂವರೆ ಕೋಣೆಯಲ್ಲೇ ಅವಳು ತನ್ನ ಅನ್ನ ತಾನು ದುಡಿದಿದ್ದಳು.

ಟಪಾಲಿನವಳು ಹೋದ ಸ್ವಲ್ಪ ಹೊತ್ತಿಗೆ ಡಾ. ಗಲಗಲಿಯವರೇ ಚಾಳಿಗೆ ಬಂದರು. ಒಂದೇ ಮನೆಯಿಂದ ಮುನ್ನೂರು ನಲವತ್ತು ಅಪರಿಚಿತರ ವರದಿ ಬಂದದ್ದು ಅವರನ್ನು ಕಾಡಿತ್ತು. ಚೀಲದಿಂದ ಗುಂಡಗಿನ ಗಾಜಿನ ಉಪಕರಣವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು.

“ನೋಡ್ರಿ ನೀಲಗಂಗವ್ವಾರ, ಇದಕ್ಕ ಹೆಸರುಗಣ್ಣು ಅಂತ ಹೆಸರಿಟ್ಟೀನಿ. ಹರವಿ ಪಕ್ಕ ಕೂಡಸ್ತೀನಿ. ಕುಡದವರ ಮಾರಿ ನೋಡಿ ಹೆಸರು ತಿಳಕೋತದ. ಅವರು ಕುಡದ ನೀರು ಅವರ ಲೆಕ್ಕಕ್ಕ ಹೋಗ್ತದ. ನಿಮ್ಮ ಸೋರಿಕಿನೂ ಹೋತು, ಮನಿನೂ ಉಳೀತು.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಉಪಕಾರ ಮಾಡಲೆಂದೇ ಧಾರವಾಡದಿಂದ ಬಂದಿದ್ದರು.

“ಹೆಸರು ಕೇಳಿ ನೀರು ಕೊಡೂದೇನ್ರಿ, ಸಾಹೇಬ್ರ?”

“ನೀವು ಕೇಳಬ್ಯಾಡ್ರಿ. ಯಂತ್ರನ ಕೇಳ್ತದ.”

ನೀಲಗಂಗವ್ವ ದಾರ ಬಿಟ್ಟು ಕೈ ಒರೆಸಿಕೊಂಡಳು.

“ನಮ್ಮತ್ತಿ ಹೇಳತಿದ್ಳ್ರಿ. ಅಕಿ ಮುತ್ತಜ್ಜಿ ಕಾಲದಾಗ ಕುಲ ಕೇಳಿ ನೀರು ಹಾಕತಿದ್ರಂತ. ಲೋಟ ಮುಟ್ಟಾಕ ಬಿಡತಿರಲಿಲ್ಲಂತ, ಮ್ಯಾಲಿಂದ ಬೊಗಸಿಗೆ ಸುರೀತಿದ್ರಂತ. ಆ ಸಿಟ್ಟಿಗೇನ ಅಕಿ ಈ ಹರವಿ ಇಟ್ಟಳು. ನೀರು ಕೇಳಿದವರಿಗೆ ಯಾರು ನೀವು ಅಂತ ಕೇಳಬ್ಯಾಡ ಅಂತ ನನಗ ಹೇಳಿ ಸತ್ತಳು. ಆ ಕೇಳೂದು ಬಿಡಸಾಕ ಎಷ್ಟು ಮಂದಿ ಬಡದಾಡಿ ಸತ್ತಾರೊ. ನೀವು ಈಗ ತಿರುಗಿ ಯಂತ್ರದ ಕಡಿಂದ ಕೇಳಸಾಕತ್ತೀರಿ.”

ಗಲಗಲಿಯವರ ಮುಖ ಕೆಂಪಾಯಿತು. “ನನ್ನ ಯಂತ್ರಕ್ಕ ಕುಲಗಿಲ ಏನೂ ಗೊತ್ತಿಲ್ರಿ.”

“ಯಂತ್ರಕ್ಕ ಗೊತ್ತಿಲ್ರಿ. ಹೆಸರು ಹೇಳಬೇಕಾದವರಿಗೆ ಗೊತ್ತಿರತೈತಿ. ಅವರು ಈ ಕಡೆ ಬರೂದ ಬಿಡತಾರ. ಒಳಗಿಟ್ಟುಕೋರಿ ಅದನ್ನ.”

ವಿಜ್ಞಾನಿ ಉಪಕರಣದ ಗಾಜನ್ನು ಒರೆಸತೊಡಗಿದರು. ನೀಲಗಂಗವ್ವನೇ ಮತ್ತೆ ಕೇಳಿದಳು.

“ಮಗ್ಗಲ ಮನಿ ರೇಣವ್ವ ಒಂದು ತಂಬಿಗಿ ನೀರು ತಂದು ಈ ಹರವಿಗೆ ಹಾಕಿದ್ರ ನಿಮ್ಮ ಗ್ವಾಡಿ ಏನಂತೈತ್ರಿ?”

“ನಿಮ್ಮದಿಷ್ಟು, ಅವರದಿಷ್ಟು ಅಂತ ಬಿಡಿಸಿ ಹೇಳ್ತದ. ಆ ಪಾತ್ರಿದು ಆ ವಾರದ ಸೋರಿಕಿ ಪೂರಾ ಇಬ್ಬರ ಮ್ಯಾಲೂ ಬರ್ತದ. ಒಂಬತ್ತು ಮನಿ ನೀರು ಕಲಸ್ರಿ, ಒಂಬತ್ತೂ ಬಿಡಿಸ್ತದ!” ತಮ್ಮ ಯಂತ್ರದ ಮಾತು ಬಂದದ್ದೇ ಗಲಗಲಿಯವರಿಗೆ ಹುರುಪು ಬಂದಿತ್ತು.

“ಹತ್ತಾದ್ರ?”

“ಹತ್ತನೇ ಮುದ್ರಿ ಬಿತ್ತಂದ್ರ ವಿನ್ಯಾಸ ಒಂದರ ಮ್ಯಾಲೊಂದು ಕೂತು ಮಸಕಾಗ್ತಾವ. ಆವಾಗ ಅದಕ್ಕ ಬಿಡಸಲಾಗದ ಪಾಲು ಅಂತಾರ. ಸಾಮಾನ್ಯ ಬಳಕಿ. ಆ ವಾರದ ಸೋರಿಕಿ ಯಾರ ಮ್ಯಾಲೂ ಇಲ್ಲ. ಆದ್ರ ಒಂದ ಹರವ್ಯಾಗ ಹತ್ತು ಮನಿ ನೀರು ಹಾಕೋ ಹುಚ್ಚರು ಎಲ್ಲಿದ್ದಾರ್ರಿ?”

ಅವರು ನಕ್ಕರು. ನೀಲಗಂಗವ್ವ ನಗಲಿಲ್ಲ. ತನ್ನದೂ ಸೇರಿ ಚಾಳಿನ ಮನೆಗಳು ಒಂಬತ್ತು. ಹತ್ತನೆಯದು ಮಹಡಿಯ ಮೇಲಿತ್ತು.

ಮರುದಿನ ನಳಕ್ಕೆ ನೀರು ಬರುವ ದಿನ. ಬೆಳಗ್ಗೆ ಅವಳು ಹರವಿಯ ಹಳೆಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ತಾಮ್ರದ ಕೊಡಕ್ಕೆ ತನ್ನ ಮನೆಯ ನೀರು ಒಂದು ತಂಬಿಗೆ ಹಾಕಿ, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಒಂದನೆಯ ಮನೆಯ ಮುಂದೆ ನಿಂತಳು.

“ಗುರ್ಜಿ ಬಂದೈತಿ, ನೀರು ಹಾಕ್ರೆವ್ವಾ!”

ಮಳೆ ತಡೆದಾಗ ಆ ಸೀಮೆಯಲ್ಲಿ ಹಿಂದೆ ಗುರ್ಜಿ ಆಡುತ್ತಿದ್ದರು. ಗುರ್ಜಿ ಎಂಬ ಮಣ್ಣಿನ ಬೊಂಬೆಯನ್ನು ತಲೆಯ ಮೇಲೆ ಹೊತ್ತವರು ಮನೆಮನೆಗೆ ಬರುತ್ತಿದ್ದರು. ಮನೆಯವರು ಒಂದು ತಂಬಿಗೆ ನೀರನ್ನು ಅದರ ಮೇಲೆ ಸುರಿಯಲೇಬೇಕು. ಎಷ್ಟೇ ಬರವಿದ್ದರೂ ಇಲ್ಲ ಎನ್ನುವಂತಿಲ್ಲ. ಮುದುಕಿಯರ ನೆನಪಿನಲ್ಲಷ್ಟೇ ಉಳಿದಿದ್ದ ಆ ಕೂಗು ಕೇಳಿ ಚಾಳು ಬಾಗಿಲಿಗೆ ಬಂತು.

ಅವಳು ಏನನ್ನೂ ಮುಚ್ಚಿಡಲಿಲ್ಲ. ಹತ್ತು ಮನೆಯ ನೀರು ಕೂಡಿದರೆ ಗೋಡೆಯ ಬಾಯಿ ಕಟ್ಟುತ್ತದೆ, ಒಂಬತ್ತಕ್ಕೇ ನಿಂತರೆ ಹಾಕಿದವರೆಲ್ಲರಿಗೂ ನೋಟಿಸು ಬರುತ್ತದೆ ಎಂದು ಒಂದೊಂದು ಬಾಗಿಲಲ್ಲೂ ಹೇಳಿದಳು. ರೇಣವ್ವ ಮಾತು ಮುಗಿಯುವ ಮೊದಲೇ ಸುರಿದಳು. ಏಳನೆಯ ಮನೆಯ ದರ್ಜಿ ಬಾಷಾಸಾಬ ತಂಬಿಗೆ ಹಿಡಿದು ಬಹಳ ಹೊತ್ತು ನಿಂತ.

“ಮ್ಯಾಲಿನವರು ಹಾಕತಾರಂತೀಯೇನಕ್ಕಾ?”

“ಗೊತ್ತಿಲ್ಲಪ.”

“ಗೊತ್ತಿಲ್ಲದನ ಹೊಂಟೀಯಲ್ಲ!” ಎಂದು ಬೈದುಕೊಳ್ಳುತ್ತಲೇ ಸುರಿದ. “ನನ್ನ ಮಕ್ಕಳೂ ಆ ಹರವಿ ನೀರು ಕುಡದ ಬೆಳದಾವ.”

ಒಂಬತ್ತೂ ಸಲ ಗೋಡೆ ಹೆಸರು ಕೂಗಿತು. ಪಾಲು ಬಿಡಿಸಿತು. ನೀಲಗಂಗವ್ವ ಅಂಗಳ ದಾಟಿ ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತಳು. ಅವಳ ಹಿಂದೆ ಇಡೀ ಚಾಳು. ಹೆಸರುಗಣ್ಣನ್ನು ಇನ್ನೊಮ್ಮೆ ಒಪ್ಪಿಸಿ ನೋಡಲು ಬಂದಿದ್ದ ಗಲಗಲಿಯವರು ಬೇವಿನ ನೆರಳಿನಲ್ಲೇ ನಿಂತುಬಿಟ್ಟರು.

ಅಂದಾನಪ್ಪನವರು ಮೇಲಿನ ಮೆಟ್ಟಿಲಿಗೆ ಬಂದರು.

“ಏ ನೀಲಗಂಗವ್ವ, ಕೊಡ ಇಳಸು. ನಾ ಏನು ಹಾಕಂಗಿಲ್ಲ. ನಿನ್ನೊಬ್ಬಾಕಿಗೆ ಬರೂ ನೋಟಿಸು ಈಗ ಒಂಬತ್ತೂ ಮನಿಗೆ ಬರತೈತಿ. ಹಿಂಗ ಇನ್ನೆರಡು ಸಲ ಬಂದ್ರ ಚಾಳ ತಾನ ಖಾಲಿ ಆತು.”

“ಇಳಸಂಗಿಲ್ರಿ ಮಾಲಕ್ರ. ಗುರ್ಜಿ ಬಾಗಲಿಗೆ ಬಂದಾಗ ನೀರಿಲ್ಲ ಅಂದ ಮನಿ ನಾ ಕಂಡಿಲ್ಲ. ಇಲ್ಲ ಅನ್ನೂದಿದ್ರ ಜೋರಾಗಿ ಅನ್ರಿ, ಓಣಿ ಕೇಳಲಿ.”

“ಇಲ್ಲ!” ಎಂದರು ಅಂದಾನಪ್ಪನವರು, ಜೋರಾಗಿಯೇ.

ಅವಳು ಕದಲಲಿಲ್ಲ. ಬಿಸಿಲು ಏರುತ್ತಿತ್ತು. ಕೊರಳ ನರ ಉಬ್ಬಿದ್ದು ಎಲ್ಲರಿಗೂ ಕಾಣುತ್ತಿತ್ತು. ರೇಣವ್ವ ಕೊಡಕ್ಕೆ ಕೈ ಕೊಡಲು ಬಂದರೆ ಬೇಡವೆಂದು ತಲೆ ಅಲ್ಲಾಡಿಸುವಂತೆಯೂ ಇರಲಿಲ್ಲ, ಕಣ್ಣಲ್ಲೇ ತಡೆದಳು.

ಆಗ ಮೇಲಿನ ಬಾಗಿಲಲ್ಲಿ ಗಿರಿಜವ್ವ ಕಾಣಿಸಿಕೊಂಡರು.

ಗಿರಿಜವ್ವನ ಮಾತನ್ನು ಚಾಳಿನವರು ಕೇಳಿದ್ದು ಕಡಿಮೆ. ಆದರೆ ಅವರ ಲೆಕ್ಕವನ್ನು ಎಲ್ಲರೂ ದಿನಾ ಕೇಳುತ್ತಿದ್ದರು. ಸಂಜೆ ಅಂದಾನಪ್ಪನವರು ಆರಾಮಕುರ್ಚಿಯಲ್ಲಿ ಕೂತು ಗೋಡೆಯಿಂದ ದಿನದ ಪಟ್ಟಿ ಓದಿಸುತ್ತಿದ್ದರು. ಗಿರಿಜವ್ವ, ಸ್ನಾನ, ಹದಿನೆಂಟು ಲೀಟರು. ಗಿರಿಜವ್ವ, ಫ್ಯಾನು, ಮಧ್ಯಾಹ್ನ ಎರಡು ತಾಸು. ಆಮೇಲೆ ಅಂದಾನಪ್ಪನವರ ದನಿ ಕೇಳುತ್ತಿತ್ತು: ಎರಡು ತಾಸು ಯಾಕ ಬೇಕಾತು? ಮನೆಮನೆಗಳ ಜಗಳ ಬಿಡಿಸಲು ಬಂದ ಯಂತ್ರ ಒಂದೇ ಮನೆಯೊಳಗೆ ನಡುಗೆರೆ ಎಳೆದು ಕೂತಿತ್ತು. ಇದು ಹನ್ನೊಂದು ವರ್ಷ ಅದನ್ನು ಕಟ್ಟಿದವರಿಗೂ ಹೊಳೆದಿರಲಿಲ್ಲ.

ಗಿರಿಜವ್ವನ ಕೈಯಲ್ಲಿ ತುಂಬಿದ ಹಿತ್ತಾಳೆಯ ತಂಬಿಗೆಯಿತ್ತು. ಗಂಡನನ್ನು ದಾಟಿ ಒಂದೊಂದೇ ಮೆಟ್ಟಿಲು ಇಳಿದರು. ಮೊಣಕಾಲು ನೋವಿನವರು, ಕಂಬಿ ಹಿಡಿದು ಇಳಿದರು. ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲೆ ನಿಂತರೆ ಕೊಡದ ಬಾಯಿ ಅವರ ಎದೆಮಟ್ಟಕ್ಕಿತ್ತು. ಸುರಿದರು.

“ಮಹಡಿ ಮನೆ. ನೀರು, ಒಂದು ತಂಬಿಗೆ. ಬಳಸಿದವರು ಗಿರಿಜವ್ವ,” ಎಂದಿತು ಗೋಡೆ. ಆಮೇಲೆ ಅದೇ ಏರಿಳಿತವಿಲ್ಲದ ದನಿಯಲ್ಲಿ ಹೇಳಿತು: “ಕೊಡದ ನೀರು. ಪಾಲು ಬಿಡಿಸಲಾಗದು.”

ರೇಣವ್ವ ಅಳತೊಡಗಿದಳು. ಬಾಷಾಸಾಬ ಸೀಟಿ ಹೊಡೆದ.

“ಏ! ಯಾರನ್ನ ಕೇಳಿ ಆ ನೀರು ಹಾಕಿದಿ?” ಅಂದಾನಪ್ಪನವರು ಮೇಲಿನಿಂದ ಕೂಗಿದರು.

ಗಿರಿಜವ್ವ ತಿರುಗಿ ನೋಡಿದರು. “ಅದು ನಂದು ಅಂತ ಗ್ವಾಡಿನ ದಿನಾ ಒದರತೈತಲ್ರಿ, ನೀವ ಕುಂತು ಒದರಸ್ತೀರಿ. ನಂದಿದ್ರ ನಾ ಯಾರಿಗೆ ಬೇಕಾದ್ರೂ ಕೊಡತೀನಿ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಇಂಥ ಮಾತನ್ನು ಅಂದಾನಪ್ಪನವರು ಕೇಳಿದ್ದು ಅದೇ ಮೊದಲು. ಅವರು ಬೇವಿನ ನೆರಳಿನತ್ತ ತಿರುಗಿದರು.

“ಡಾಕ್ಟರ್ ಸಾಹೇಬ್ರ, ನೋಡ್ರಿ ನಿಮ್ಮ ಯಂತ್ರದ ಗತಿ! ಹತ್ತಾದ್ರೂ ಬಿಡಸುವಂಗ ರಿಪೇರಿ ಮಾಡಿ ಕೊಡ್ರಿ.”

ಗಲಗಲಿಯವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಣಗಳ ವಿನ್ಯಾಸಕ್ಕೆ ಇನ್ನೊಂದು ಸುತ್ತು ಸೇರಿಸಿದರೆ ಸಾಕು. ಹತ್ತಲ್ಲ, ನೂರು ಮನೆಯ ನೀರನ್ನೂ ಬಿಡಿಸಬಹುದು. ಒಂದು ವಾರದ ಕೆಲಸ.

“ಆಗೂದಿಲ್ರಿ,” ಎಂದರು ಅವರು. “ಅದು ವಿಜ್ಞಾನಕ್ಕ ಸಾಧ್ಯ ಇಲ್ಲ.”

ಬಾಳಿನಲ್ಲಿ ಅವರು ವಿಜ್ಞಾನದ ಹೆಸರಿನಲ್ಲಿ ಹೇಳಿದ ಮೊದಲ ಸುಳ್ಳು ಅದು.

ನೀಲಗಂಗವ್ವ ಕೊಡವನ್ನು ಇಳಿಸಿ ಹರವಿಗೆ ಸುರಿದಳು. ಕೊರಳನ್ನು ಎರಡೂ ಕೈಯಿಂದ ತಿಕ್ಕಿಕೊಂಡಳು. ಆಮೇಲೆ ಲೋಟ ತುಂಬಿ ವಿಜ್ಞಾನಿಯ ಕೈಗೆ ಕೊಟ್ಟಳು. ಅವರು ಹೆಸರುಗಣ್ಣನ್ನು ಚೀಲಕ್ಕೆ ಸೇರಿಸಿ, ನೀರನ್ನು ಒಂದೇ ಉಸುರಿಗೆ ಕುಡಿದು, ಅಭ್ಯಾಸಬಲದಿಂದ ಗೋಡೆಯತ್ತ ಕಿವಿಗೊಟ್ಟರು.

“ಸಾಮಾನ್ಯ ಬಳಕೆ,” ಎಂದಿತು ಗೋಡೆ. ಯಾರು ಕುಡಿದರೆಂದು ಹೇಳಲಿಲ್ಲ.

“ಇನ್ನೊಂದು ಲೋಟ ಕೊಡ್ರಿ,” ಎಂದರು ಗಲಗಲಿ.