ಇಳಿಜಾರಿನಲ್ಲಿ ಅಜ್ಜಿಯ ಕೈ

ಬೆಟ್ಟ ಇಳಿದು ಪೆಟ್ರೋಲ್ ಬಂಕಿನಲ್ಲಿ ಬೈಕು ನಿಲ್ಲಿಸಿದ ಅಜ್ಜಿ ಟ್ಯಾಂಕಿನ ಮುಚ್ಚಳ ತೆಗೆದಳೋ ಇಲ್ಲವೋ, ಅದು ಕೈಜಾರಿ ಟಣ್ಣನೆ ನೆಲಕ್ಕೆ ಬಿತ್ತು. ಹಿಂದೆ ಕೂತಿದ್ದ ಮೊಮ್ಮಗಳು ಕೋರಾ ಇಳಿದು ಎತ್ತಿಕೊಟ್ಟಳು. ಮತ್ತೆ ಬಿತ್ತು.

"ಕೈ ಜೋಮು ಹಿಡಿದಿದೆ ಅಷ್ಟೇ," ಎಂದು ಅಜ್ಜಿ ಎರಡೂ ಕೈ ಕೊಡವಿಕೊಂಡಳು. "ನಿನ್ನ ಮಾಮನ ಹತ್ರ ಬಾಯಿ ಬಿಟ್ಟೀಯ ಮತ್ತೆ."

ಕೋರಾ ಮುಚ್ಚಳವನ್ನು ಮತ್ತೆ ಎತ್ತಿಕೊಟ್ಟಳು. ಮಾಮ ಅಂದರೆ ವೆಂಡೆಲ್ ಮಾಮ, ಅಜ್ಜಿಯ ಮಗ. ಅರವತ್ತೆಂಟು ದಾಟಿದ ಅಮ್ಮ ಬ್ಲೂ ರಿಡ್ಜ್ ಬೆಟ್ಟದ ತಿರುವುಗಳಲ್ಲಿ ಬೈಕು ಓಡಿಸುವುದು ಅವನಿಗೆ ಒಂಚೂರೂ ಇಷ್ಟವಿಲ್ಲ. ಕೈಯಲ್ಲಿ ಬ್ರೇಕ್ ಹಿಡಿಯಲಾಗದ ದಿನ ಬೈಕು ಮಾರಿಬಿಡಬೇಕು ಎಂದು ಅವನು ಹೇಳಿದ್ದ. ಅಜ್ಜಿ ಹೂಂ ಎಂದಿದ್ದಳು. ಅಜ್ಜಿ ಹೂಂ ಅಂದಮೇಲೆ ಮುಗಿಯಿತು.

ಬೈಕು ಹೋದರೆ ಶನಿವಾರಗಳೂ ಹೋದ ಹಾಗೆ. ಬೆಳಿಗ್ಗೆ ಎದ್ದು ಬೆಟ್ಟ ಹತ್ತಿ ಇಳಿದು, ಆಚೆ ಊರಿನ ಡೈನರ್ ಹೋಟೆಲಿನಲ್ಲಿ ಪೀಚ್ ಹಣ್ಣಿನ ಪೈ ತಿಂದು ಬರುವುದು. ದಾರಿಯುದ್ದಕ್ಕೂ ಅಜ್ಜಿಯ ಸೊಂಟ ತಬ್ಬಿ, ಅವಳ ಚರ್ಮದ ಜಾಕೆಟ್ಟಿಗೆ ಒರಗಿ ಕೂರುವುದು. ಪೈ ಇಲ್ಲದಿದ್ದರೂ ನಡೆದೀತು, ಆ ಒರಗುವುದು ಮಾತ್ರ ಕೋರಾಗೆ ಬೇಕೇ ಬೇಕು.

ಆ ವಾರ ಪಾಪ, ಹುಡುಗಿಗೆ ಊಟವೇ ಸೇರಲಿಲ್ಲ. ಮಾಮನಿಗೆ ಹೇಳಿದರೆ ಬೈಕು ಹೋಗುತ್ತದೆ. ಹೇಳದೆ ಇದ್ದು, ತಿರುವಿನಲ್ಲಿ ಅಜ್ಜಿಯ ಕೈ ಬ್ರೇಕ್ ಹಿಡಿಯದೆ ಹೋದರೆ? ಮ್ಯಾಥ್ಸ್ ಕ್ಲಾಸಿನಲ್ಲಿ ಟೀಚರ್ ಹೆಸರು ಹಿಡಿದು ಕರೆದರೂ ಅವಳು ಕಿಟಕಿ ಕಡೆಯೇ ನೋಡುತ್ತಿದ್ದಳು.

ಗುರುವಾರ ಸ್ಕೂಲಿನಿಂದ ಬಂದವಳೇ ಅಜ್ಜಿಯ ಶೆಡ್ಡಿಗೆ ಹೋದಳು. ಸ್ಟ್ಯಾಂಡ್ ಹಾಕಿದ ಬೈಕು ಹತ್ತಿ, ಅಜ್ಜಿಯ ಜಾಗದಲ್ಲಿ ಕೂತು ಹ್ಯಾಂಡಲ್ ಹಿಡಿದಳು. ತನ್ನ ಕೈಗೂ ಜೋಮು ಬರುತ್ತದಾ ನೋಡಬೇಕಿತ್ತು. ಏನೂ ಆಗಲಿಲ್ಲ. ಅಷ್ಟರಲ್ಲಿ ಆರು ವರ್ಷದ ತಮ್ಮ ಬೋ ಬಂದು ಹಿಂದಿನ ಸೀಟಿಗೆ ಹತ್ತಿದ. ಬಾಯಲ್ಲೇ ಇಂಜಿನ್ ಶುರುಮಾಡಿದ. ಬೆಟ್ಟ ಇಳಿಯುತ್ತಾ ಇದ್ದೇವೆ ಎಂದು ಕೂಗಿ, ಅಕ್ಕನನ್ನು ಗಟ್ಟಿಯಾಗಿ ಅಪ್ಪಿ ಪೂರ್ತಿ ಮೈಭಾರ ಹಾಕಿದ. ಕೋರಾ ಮುಂದಕ್ಕೆ ಬಾಗಿದಳು. ಎರಡು ಮೈಯ ಭಾರವೂ ಅವಳ ಅಂಗೈ ಮೇಲೆ ಕೂತಿತು, ಮಣಿಕಟ್ಟು ಚುಳ್ಳೆಂದಿತು.

"ಮೇಲೆ ಬೀಳಬೇಡ್ವೋ, ಕೈ ನೋಯುತ್ತೆ."

"ನೀನೂ ಅಜ್ಜಿ ಮೇಲೆ ಹಿಂಗೇ ಬೀಳ್ತೀಯಲ್ಲ," ಎಂದ ಬೋ.

ಕೋರಾ ಹ್ಯಾಂಡಲ್ ಬಿಟ್ಟು ತನ್ನ ಅಂಗೈ ನೋಡಿಕೊಂಡಳು. ಬೋ ಕರೆದರೂ ಇಳಿಯಲಿಲ್ಲ.

ಶನಿವಾರ ಇಳಿಜಾರು ಶುರುವಾದ ಕೂಡಲೇ ಅವಳು ಅಜ್ಜಿಯಿಂದ ಕೈ ತೆಗೆದಳು. ಸೀಟಿನ ಹಿಂದಿನ ಕಂಬಿ ಹಿಡಿದು, ಮೊಣಕಾಲು ಬಿಗಿದು, ಪಾದ ಊರಿ ನೆಟ್ಟಗೆ ಕೂತಳು. ಬ್ರೇಕ್ ಹಾಕಿದಾಗಲೆಲ್ಲ ಮೈ ಮುಂದಕ್ಕೆ ಜಾರುತ್ತಿತ್ತು, ಹಲ್ಲು ಕಚ್ಚಿ ತಡೆದಳು. ಇಬ್ಬರ ನಡುವೆ ತಣ್ಣನೆ ಗಾಳಿ ನುಗ್ಗುತ್ತಿತ್ತು.

ಡೈನರಿನ ಮುಂದೆ ಅಜ್ಜಿ ಕೈಗವಸು ಕಳಚಿ, ಕೋರಾಳ ಹೆಲ್ಮೆಟ್ಟಿನ ಬಕಲನ್ನು ತಾನೇ ಬಿಚ್ಚಿದಳು. ಬೆರಳು ಎಲ್ಲೂ ತಡವರಿಸಲಿಲ್ಲ.

"ಏನೇ, ಅಜ್ಜಿ ಮೇಲೆ ಮುನಿಸಾ? ಅಷ್ಟು ದೂರ ಕೂತಿದ್ದೆ."

ಕೋರಾ ಶೆಡ್ಡಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ತನ್ನ ಭಾರವೇ ಕೈ ಮೇಲೆ ಬೀಳುತ್ತಿತ್ತು ಎಂದಳು.

ಅಜ್ಜಿ ಅವಳ ಕೆದರಿದ ಕೂದಲು ಸರಿಮಾಡಿದಳು. "ನಂಗೊತ್ತಿತ್ತು ಕಣೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೋದ ವರ್ಷ ನೀನು ಹಿಂದೆ ಇದ್ದೀಯೋ ಇಲ್ವೋ ಅನ್ನೋದೇ ಗೊತ್ತಾಗ್ತಿರಲಿಲ್ಲ. ಈಗ ಬೆಳೆದುಬಿಟ್ಟೆ. ಹೇಳಿದ್ರೆ ಕೈ ತೆಗೀತೀಯ ಅಂತ ಸುಮ್ಮನಿದ್ದೆ. ಇನ್ನೆಷ್ಟು ದಿನ ತಬ್ಕೊಂಡು ಬರ್ತೀಯ ನೀನು?" ಅಜ್ಜಿ ನಕ್ಕಳು, ಆದರೆ ಕಣ್ಣು ನಗಲಿಲ್ಲ. "ತಪ್ಪು ನಂದು. ಬ್ರೇಕ್ ಹಿಡಿಯೋ ಕೈ ಇದು, ಸದರ ಮಾಡಬಾರದಿತ್ತು. ಸಂಜೆ ನಿನ್ನ ಮಾಮನಿಗೆ ನಾನೇ ಎಲ್ಲಾ ಹೇಳ್ತೀನಿ."

ಮಾಮ ಬೈಕು ಮಾರು ಅಂದರೆ ಏನು ಮಾಡೋದು ಎಂದು ಕೋರಾ ಕೇಳಿದಳು. ಹ್ಯಾಂಡಲನ್ನು ಒಂಚೂರು ಎತ್ತರಿಸಿ ಹಿಂದಕ್ಕೆ ತರಿಸೋಣ, ಕೈ ಮೇಲಿನ ಭಾರ ಕಮ್ಮಿಯಾಗುತ್ತದೆ, ಆಮೇಲೆ ಅವನನ್ನೇ ಹಿಂದೆ ಕೂರಿಸಿಕೊಂಡು ಬೆಟ್ಟ ಇಳಿಸುತ್ತೇನೆ, ಅವನೇ ನೋಡಲಿ ಎಂದಳು ಅಜ್ಜಿ. ಕೋರಾಗೆ ಹಸಿವಾಯಿತು. ಅವತ್ತು ಎರಡು ಪೈ ತಿಂದಳು.

ವಾಪಸ್ ಬರುವಾಗ ಮೊದಲು ಏರು. ಏರಿನಲ್ಲಿ ಮೈ ತಾನಾಗಿ ಹಿಂದಕ್ಕೆ ಹೋಗುತ್ತದೆ, ಅಜ್ಜಿಯ ಕೈಗೆ ಯಾವ ಭಾರವೂ ಇಲ್ಲ. ಕೋರಾ ಸೊಂಟ ತಬ್ಬಿದಳು. ಜಾಕೆಟ್ಟು ಬಿಸಿಲಿಗೆ ಬೆಚ್ಚಗಾಗಿತ್ತು. ಅಜ್ಜಿ ಇವತ್ತು ಸ್ವಲ್ಪ ನಿಧಾನವಾಗಿಯೇ ಓಡಿಸುತ್ತಿದ್ದಾಳೆ ಅನ್ನಿಸಿತು.

ಬೆಟ್ಟದ ನೆತ್ತಿ ಬಂತು. ಕೋರಾ ಅಜ್ಜಿಯನ್ನು ಒಮ್ಮೆ ಬಿಗಿಯಾಗಿ ಅಪ್ಪಿದಳು. ಆಮೇಲೆ ತಾನೇ ಕೈ ಬಿಟ್ಟು, ಹಿಂದಿನ ಕಂಬಿ ಹಿಡಿದಳು.