ಹಳೇ ಮೌಸಿನ ನೆಪ

“ಮೇಡಂ, ಆ ಮೌಸನ್ನ ಮೊದ್ಲು ಕಸಕ್ಕೆ ಹಾಕಿ!”

ಯೋಗಾನಂದ ರಾಧಾಮಣಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ಪ್ರೀತಿ ಹೀಗೂ ಶುರುವಾಗುತ್ತದೆ, ಏನು ಮಾಡೋಣ!

ಅವನು ಯಶವಂತಪುರದ ಸಾಫ್ಟ್‌ವೇರ್ ಸಪೋರ್ಟ್ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅವಳು ಅಬ್ಬಿಗೆರೆಯ ಬಾಡಿಗೆ ಮನೆಯ ಮಹಡಿಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ಕೂತಿದ್ದಳು. ಯಲಹಂಕದ ಮಗ್ಗಗಳಿಗೆ ರೇಷ್ಮೆ ಸೀರೆಯ ಅಂಚು, ಸೆರಗು ಬಿಡಿಸಿಕೊಡುವುದು ಅವಳ ಕೆಲಸ. ಮಗ್ಗದವರು ಹೊಸ ಸಾಫ್ಟ್‌ವೇರಿಗೆ ಬದಲಾದ್ದರಿಂದ ಅವಳೂ ಬದಲಾಗಬೇಕಾಯಿತು. ಆದರೆ ಆ ಮಹರಾಯ ಸಾಫ್ಟ್‌ವೇರಿಗೆ ಅವಳ ಹಳೇ ಮೌಸಿನ ನಡುವಿನ ಬಟನ್ ಅರ್ಥವೇ ಆಗುತ್ತಿರಲಿಲ್ಲ. ಒತ್ತಿದರೆ ಬಣ್ಣ ತುಂಬುವ ಬದಲು ಇಡೀ ಚಿತ್ರವೇ ಜಾರಿ ಪರದೆಯಿಂದ ಆಚೆ ಹೋಗುತ್ತಿತ್ತು.

“ಹೊಸಾದು ಎಲ್ಲಾ ಕಡೆ ಸಿಗತ್ತೆ. ಇದನ್ನ ಮ್ಯೂಸಿಯಂನಲ್ಲಿ ಇಡ್ಬೇಕು ಅಷ್ಟೇ.”

“ನನಗೆ ಇದೇ ಬೇಕು! ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಬುದ್ಧಿ ಹೇಳ್ಬೇಡಿ!”

ಕಾರಣ ಮಾತ್ರ ಅವಳು ಹೇಳಲಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ಸ್ಕೂಟರಿನಿಂದ ಬಿದ್ದ ಮೇಲೆ ಅವಳ ಬಲ ಮಣಿಕಟ್ಟು ತಿರುಗುವುದಿಲ್ಲ. ಎರಡು ಬೆರಳು ಮಡಚುವುದಿಲ್ಲ. ಬೇರೆ ಮೌಸನ್ನು ಮೇಜಿನ ಮೇಲೆ ಅತ್ತಿತ್ತ ಓಡಿಸಬೇಕು. ಇದು ಕೂತಲ್ಲೇ ಕೂತಿರುತ್ತದೆ, ಮೇಲಿರುವ ನಿಂಬೆಹಣ್ಣಿನಷ್ಟು ಗುಂಡನ್ನು ಉರುಳಿಸಿದರೆ ಸಾಕು. ಇಂಥದ್ದೇ ಹೊಸ ಮಾದರಿಗಳನ್ನೂ ನೋಡಿದ್ದಳು. ಯಾವುದರ ಬಟನ್ನೂ ಅವಳ ಬೆರಳಿಗೆ ಎಟುಕಲಿಲ್ಲ.

ಹೆಣ್ಣು ನೋಡಲು ಬಂದವರೆಲ್ಲ ಆ ಕೈ ನೋಡಿ, ಕಾಫಿ ಕುಡಿದು, ಸುದ್ದಿಯಿಲ್ಲದೆ ಹೋಗಿದ್ದರು. ಅಣ್ಣ ಉಮೇಶನ ಮನೆಯಲ್ಲಿ ಹಂಗಿನಲ್ಲಿರುವುದು ಬೇಡವೆಂದು ಅವಳು ಒಬ್ಬಳೇ ಬಂದು ಇಲ್ಲಿ ಇದ್ದಳು. ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಳ್ಳುವುದು ಈಗ ಅಭ್ಯಾಸವಾಗಿಹೋಗಿತ್ತು.

“ಸರಿ ಸರಿ, ಕೋಪ ಬೇಡ ಮೇಡಂ. ನಿಮ್ಮ ಸ್ಕ್ರೀನ್ ನಾನು ಇಲ್ಲಿಂದ್ಲೇ ನೋಡ್ತೀನಿ. ಪರ್ಮಿಷನ್ ಕೇಳತ್ತೆ, ಓಕೆ ಒತ್ತಿ.”

ಒತ್ತಿದಳು. ಪರದೆಯ ಮೇಲಿನ ಬಾಣ ತಾನಾಗಿಯೇ ಚಲಿಸತೊಡಗಿತು...

ರಾಧಾಮಣಿ ಗುಂಡಿನಿಂದ ಕೈ ತೆಗೆದಳು. ‘ಈ ಮನೆಯಲ್ಲಿ ನನ್ನ ಕೈ ಬಿಟ್ಟು ಬೇರೆ ಕೈ ಏನನ್ನಾದರೂ ಅಲುಗಿಸಿ ಎಷ್ಟು ಕಾಲವಾಯಿತು!’

ಅವನು ಪುಟ್ಟದೊಂದು ಪ್ರೋಗ್ರಾಂ ಬರೆದು ಸೇರಿಸಿದ. ಸೆಟ್ಟಿಂಗಿನಲ್ಲಿ ಒಂದು ಟಿಕ್ ಗುರುತು ಹಾಕಿದ. “ಈಗ ಒತ್ತಿ ನೋಡಿ.”

ನಡುವಿನ ಬಟನ್ ಒತ್ತಿದ್ದೇ ತಡ, ಹಕ್ಕಿಯ ರೆಕ್ಕೆಗೆ ಬಣ್ಣ ತುಂಬಿತು!

“ಇದು ಯಾವ ಹಕ್ಕಿ ಮೇಡಂ?”

“ಗಂಡಭೇರುಂಡ.”

“ಒಂದೇ ತಲೆ ಇದ್ಯಲ್ರೀ!”

“ಇನ್ನೊಂದು ನಾಳೆ ಬರತ್ತೆ.”

ಅವನು ಜೋರಾಗಿ ನಕ್ಕ. ಅವಳಿಗೂ ನಗು ಬಂತು. ಕರೆ ಮುಗಿಯಿತು, ಬಾಣ ನಿಂತಿತು. ಫ್ರಿಜ್ಜಿನ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ.

ಮುಂದಿನ ಸೋಮವಾರ ಅವಳೊಂದು ಕೆಲಸ ಮಾಡಿದಳು. ಸೆಟ್ಟಿಂಗ್ ತೆರೆದು ಆ ಟಿಕ್ ಗುರುತನ್ನು ಕೈಯಾರೆ ತೆಗೆದಳು. ನಂತರ ಯಶವಂತಪುರಕ್ಕೆ ಫೋನ್ ಮಾಡಿದಳು.

“ಮತ್ತೆ ಹೋಯ್ತು ರೀ...”

“ಅಯ್ಯೋ, ಅಪ್‌ಡೇಟ್ ಆದಾಗ ಹೋಗಿರ್ಬೇಕು. ಇರಿ, ಬಂದೆ.”

ಬಾಣ ಬಂತು.

ಆಮೇಲೆ ಅದು ಸೋಮವಾರದ ವ್ರತವೇ ಆಯಿತು. ಅವನ ಗಂಗಾನಗರದ ರೂಮು, ಉಪ್ಪಿಲ್ಲದ ಮೆಸ್ ಸಾರು, ಮದುವೆಗೆ ಹೆಣ್ಣು ಹುಡುಕಿ ಸುಸ್ತಾದ ಅಮ್ಮ, ಎಲ್ಲವೂ ಅವಳಿಗೆ ಗೊತ್ತಾದವು. ಮಾತಾಡುತ್ತಾ ಅವನು ಬಾಣದಿಂದ ಅವಳ ಬಳ್ಳಿ, ಹೂಗಳ ಸುತ್ತ ಸುಮ್ಮನೆ ಸುತ್ತುತ್ತಿದ್ದ. ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ಮೌಸ್ ಆಡಿಸಿದರೆ ಬಾಣ ಎತ್ತ ಹೋಗಬೇಕೆಂದು ತಿಳಿಯದೆ ನಡುಗುತ್ತಿತ್ತು.

ಕೆಳಗಿನ ಮನೆಯ ಮುನಿಕೆಂಪಮ್ಮ ಬಿಡಬೇಕಲ್ಲ! ಬಾಡಿಗೆ ಮನೆಯ ಒಡತಿ, ಊರು ಬಡಾವಣೆಯಾದರೂ ಹಸು ಮಾರದ ಮುದುಕಿ. ಹಾಲು ಕೊಡಲು ಬಂದವಳು ಕೇಳಿಯೇಬಿಟ್ಟಳು.

“ಯಾರವ್ವ ಅದು, ಸೋಮ್ವಾರ ಆದ್ರೆ ಇಂಗೆ ನಕ್ಕೊಂಡ್ ಮಾತಾಡ್ತೀಯ?”

“ಕಂಪ್ಯೂಟರ್ ರಿಪೇರಿಯವ್ರು ಅಜ್ಜಿ... ನಾನೇನೂ ಕೆಡಿಸಿಲ್ಲ!”

ಕೆಡಿಸಿದ್ದೀಯಾ ಎಂದು ಮುದುಕಿ ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಹೀಗಿರಲು ಒಂದು ಸೋಮವಾರ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬ್ಯಾಗ್ ಹಿಡಿದ, ಕಣ್ಣು ಕೆಂಪಾದ ಯುವಕನೊಬ್ಬ.

“ಯೋಗಾನಂದ್... ಅಡ್ರೆಸ್ ನಿಮ್ಮ ಕಂಪ್ಲೇಂಟಲ್ಲಿತ್ತು. ನಾನು ಸೋತೆ ಮೇಡಂ.”

ರಾಧಾಮಣಿಯ ಬಲಗೈ ತಾನಾಗಿ ದುಪಟ್ಟಾದೊಳಗೆ ಸೇರಿಕೊಂಡಿತು.

ಅವನು ಬ್ಯಾಗಿನಿಂದ ಒಂದು ಮೌಸ್ ತೆಗೆದು ಮೇಜಿನ ಮೇಲಿಟ್ಟ. ಥೇಟ್ ಅವಳದ್ದರಂಥದ್ದೇ, ಎಸ್.ಪಿ. ರೋಡಿನ ಹಳೇ ಸಾಮಾನಿನ ಅಂಗಡಿಯದ್ದು!

“ರೂಮಲ್ಲಿ ದಿನಾ ಟೆಸ್ಟ್ ಮಾಡ್ದೆ. ಅಲ್ಲಿ ಒಂದ್ಸಲಾನೂ ಕೈ ಕೊಟ್ಟಿಲ್ಲ. ನಿಮ್ಮಲ್ಲಿ ಮಾತ್ರ ಯಾಕೆ ಹೋಗತ್ತೋ... ನಮ್ಮ ಮ್ಯಾನೇಜರ್ ಸತೀಶ್ ಸರ್ ಎಲ್ಲರ ಮುಂದೆ ಅಂದ್ರು, ಒಂದ್ ಮೌಸ್ ಸರಿ ಮಾಡೋಕಾಗ್ದೋನು ಸಪೋರ್ಟ್‌ಗೆ ಯಾಕೆ ಅಂತ. ನಾಳೆ ನನ್ನ ತೆಗೀತಾರೆ. ಹೋಗೋ ಮುಂಚೆ ಒಂದ್ಸಲ ಕಣ್ಣಾರೆ ನೋಡೋಣ ಅಂತ ಬಂದೆ.”

ಅವನು ಅವಳ ಮೌಸನ್ನು ನೋಡಿದ. ಒಂದೇ ಕಡೆ ಸವೆದ ಅದರ ಅಂಚನ್ನು ನೋಡಿದ. ಆಮೇಲೆ ದುಪಟ್ಟಾದೊಳಗಿನ ಕೈಯನ್ನು.

“ಓ... ಅದಕ್ಕಾ ಇದೇ ಬೇಕು ಅಂದಿದ್ದು? ನಾನು ಕಸಕ್ಕೆ ಹಾಕಿ ಅಂದ್ಬಿಟ್ಟೆ. ಸಾರಿ ಮೇಡಂ. ಅದನ್ನ ಯಾಕೆ ಬಚ್ಚಿಡ್ತೀರಾ? ಇಷ್ಟು ದಿನ ಸ್ಕ್ರೀನ್ ಮೇಲೆ ನಾನು ನೋಡಿದ್ದು ಆ ಕೈನೇ ಅಲ್ವಾ?”

ಅಷ್ಟು ಸಾಕಾಯಿತು. ಅವಳ ಕಣ್ಣು ತುಂಬಿತು. ಇಂಥವನ ಮರ್ಯಾದೆ ಕಳೆದವಳು ತಾನು!

“ಮೌಸ್ ಕೆಟ್ಟಿಲ್ಲ ರೀ... ಮೊದಲ ದಿನಾನೇ ಸರಿ ಹೋಗಿತ್ತು. ಪ್ರತಿ ವಾರ ಆ ಟಿಕ್ ತೆಗೀತಿದ್ದಿದ್ದು ನಾನೇ.”

“ಏನಂದ್ರಿ?”

“ಆ ಬಾಣ ಓಡಾಡ್ತಿದ್ರೆ... ಮನೇಲಿ ಯಾರೋ ಇದ್ದಂಗೆ ಇರ್ತಿತ್ತು.”

ಅವನ ಮುಖ ಬಿಳುಚಿತು. “ನನ್ ತಲೆ ಮೇಲೇ ನನಗೆ ನಂಬಿಕೆ ಹೋಗಿತ್ತು ಕಣ್ರೀ. ಆಟ ಆಡಿದ್ರಾ ನನ್ಜೊತೆ?”

ಅವನು ಬ್ಯಾಗ್ ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿದು ಹೋದ. ಮಾಡಿದ್ದುಣ್ಣೋ ಮಹರಾಯ ಅಂದುಕೊಳ್ಳುತ್ತಾ ಅವಳು ಬಾಗಿಲು ಹಾಕಿಕೊಂಡಳು. ಅವತ್ತು ಒಲೆ ಹಚ್ಚಲಿಲ್ಲ. ಮನೆ ಮೊದಲಿಗಿಂತಲೂ ಖಾಲಿಯಾಗಿತ್ತು.

ಬೆಳಿಗ್ಗೆ ಅವಳು ಆಫೀಸಿಗೆ ಫೋನ್ ಮಾಡಿ ಸತೀಶ್ ಸರ್ ಬೇಕೆಂದಳು.

“ಯೋಗಾನಂದ್ ಅವ್ರದ್ದು ಏನೂ ತಪ್ಪಿಲ್ಲ ಸರ್. ಸೆಟ್ಟಿಂಗ್ ಕೆಡಿಸ್ತಿದ್ದಿದ್ದು ನಾನು.”

“ಯಾಕಮ್ಮಾ?”

“ಅವ್ರ ಜೊತೆ ಮಾತಾಡೋಕೆ. ಬೇಕಾದ್ರೆ ರೆಕಾರ್ಡ್ ಮಾಡ್ಕೊಳ್ಳಿ, ಬೇಕಾದ್ರೆ ನಗಿ. ಅವ್ರನ್ನ ಮಾತ್ರ ತೆಗೀಬೇಡಿ.”

ಫೋನ್ ಇಟ್ಟ ಮೇಲೆ ಅವಳು ಅತ್ತಳು. ಇನ್ನು ಅವನ ದನಿ ಕೇಳಲಾರೆ ಎಂಬುದು ಖಾತ್ರಿಯಾಗಿತ್ತು.

ಸಂಜೆ ಮುನಿಕೆಂಪಮ್ಮ ಕೆಳಗಿನಿಂದ ಕೂಗಿದಳು. “ರಾಧಾ, ರಿಪೇರಿಯವ್ನು ಬಂದವ್ನೆ!”

ಬಾಗಿಲಲ್ಲಿ ಯೋಗಾನಂದ ನಿಂತಿದ್ದ. ಬ್ಯಾಗ್ ಇರಲಿಲ್ಲ.

“ಇಡೀ ಆಫೀಸ್‌ಗೆ ಗೊತ್ತಾಗಿದೆ.”

“ಆಗ್ಲಿ.”

“ಸತೀಶ್ ಸರ್ ನನ್ನ ತೆಗೀಲಿಲ್ಲ. ಆದ್ರೆ ನನ್ನ ಕೋಪ ಇನ್ನೂ ಹೋಗಿಲ್ಲ.”

“ಇರ್ಲಿ. ಇರ್ಬೇಕಾದ್ದೇ.”

“ನಿನ್ನೆ ಬಸ್ಸಲ್ಲಿ ಕೂತಾಗ ಮೊದ್ಲು ತಲೆಗೆ ಬಂದಿದ್ದು ಕೋಪ ಅಲ್ಲ ರೀ. ಇನ್ಮೇಲೆ ಸೋಮವಾರ ಏನ್ ಮಾಡ್ಲಿ ಅಂತ... ನಿಜ ಹೇಳ್ತೀನಿ, ಸರಿ ಮಾಡೋಕೆ ಒದ್ದಾಡ್ತಿದ್ದೆ, ಆದ್ರೆ ಒಳಗೊಳಗೆ ಸರಿ ಹೋಗ್ಬಾರ್ದು ಅಂತಾನೂ ಇತ್ತು.”

ರಾಧಾಮಣಿ ಬಾಗಿಲನ್ನು ಪೂರ್ತಿ ತೆರೆದಳು.

“ಈಗ ಮೌಸ್ ಹೇಗಿದೆ?”

“ಚೆನ್ನಾಗಿದೆ.”

“ಬಣ್ಣ ತುಂಬತ್ತಾ?”

“ತುಂಬತ್ತೆ.”

“ಕಂಪ್ಯೂಟರ್? ಸಾಫ್ಟ್‌ವೇರ್?”

“ಎಲ್ಲಾ ಸರಿ ಇದೆ.”

“ಮತ್ತೆ ನಾನು ಯಾಕೆ ಬರ್ಬೇಕು ಹೇಳಿ?”

ಹೇಳಲು ಅವಳ ಬಳಿ ಯಾವ ನೆಪವೂ ಉಳಿದಿರಲಿಲ್ಲ.

“ಒಬ್ಳೇ ಇರೋಕೆ ಆಗ್ತಿಲ್ಲ,” ಎಂದಳು. “ಯಾರೋ ಬಂದ್ರೆ ಸಾಲ್ದು... ನೀವೇ ಬೇಕು.”

ಅವನು ಚಪ್ಪಲಿ ಬಿಟ್ಟ.

“ಇದನ್ನ ಮೊದ್ಲೇ ಹೇಳಿದ್ರೆ ಮೊದ್ಲೇ ಬರ್ತಿದ್ದೆ ಕಣ್ರೀ... ಊಟಕ್ಕೆ ಏನಿದೆ?”

“ಸಾರು.”

“ಉಪ್ಪು ಹಾಕಿದ್ದೀರಾ?”

“ಇನ್ನೂ ಇಲ್ಲ,” ಅವಳು ಕಣ್ಣೊರೆಸಿಕೊಂಡು ನಕ್ಕಳು. “ಒಳಗೆ ಬನ್ನಿ.”