ಅವನಿಲ್ಲದ ‘ನಾವು’

ಒಲೆಯ ಬಾಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು!

ಶಾಲೆ ಮುಗಿಸಿ ಹಿತ್ತಲಿಗೆ ಬಂದ ಫಿದೇಲಿನಾ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಬಿರುಕು ಬಿಟ್ಟ ಹಳೆಯ ಗೂಡೊಲೆಯೊಳಗೆ ಯಾವನೋ ಗಂಡಸು ಸೊಂಟದವರೆಗೂ ಹೊಕ್ಕಿದ್ದ.

“ಯಾರ್ರೀ ಅದು? ಬೇಯೋಕೆ ಹೋಗಿದೀರಾ?”

ಒಳಗಿಂದ ನಗು ಗುಡುಗಿತು. “ಇನ್ನೂ ಬೆಂಕಿ ಹಾಕಿಲ್ಲ ಟೀಚರಮ್ಮ. ನೀವು ಬಂದ್ರಲ್ಲ... ಇನ್ನು ಬೇಯ್ತೀನೋ ಏನೋ!”

ಹೊರಬಂದ ಮುಖವೆಲ್ಲ ಕೆಮ್ಮಣ್ಣು. ಕಣ್ಣೆರಡೇ ತಿಳಿ. ಹೆಸರು ಎಲಿಹಿಯೊ, ಹೊಳೆಯಾಚೆ ಇಟ್ಟಿಗೆ ಸುಡುವವರ ಕೇರಿಯವನು. ಪವಿತ್ರ ವಾರದೊಳಗೆ ಹೊಸ ಒಲೆ ಏಳಲೆಂದು ಅಜ್ಜಿ ಬಾಸಿಲಿಯಾ ಅವನನ್ನು ಕರೆಸಿದ್ದಳು.

ಆ ಮಧ್ಯಾಹ್ನ ಮಾವಿನ ನೆರಳಲ್ಲಿ ಫಿದೇಲಿನಾ ತೆರೆರೆ ಹಂಚಿದಳು. ಎಲೆಪುಡಿಯ ಮೇಲೆ ತಣ್ಣೀರು, ಒಂದೇ ಕೊಂಬಿನ ಲೋಟ, ಒಂದೇ ಕೊಳವೆ. ಅದೇ ಸುತ್ತಿ ಸುತ್ತಿ ಎಲ್ಲರ ತುಟಿಗೂ ಬರಬೇಕು. ಸಾಕೆನಿಸಿದವನು ಮಾತ್ರ ‘ಗ್ರಾಸಿಯಾಸ್’ ಎನ್ನುತ್ತಾನೆ. ಆ ಧನ್ಯವಾದ ಬಾಯಿಂದ ಬಂದಮೇಲೆ ಲೋಟ ಅವನ ಕಡೆ ತಿರುಗುವುದಿಲ್ಲ.

ಎಲಿಹಿಯೊ ಸಂಜೆಯಾದರೂ ಅದನ್ನು ಹೇಳಲಿಲ್ಲ.

“ಹೊಟ್ಟೆಯೇನೋ ಅದು, ಹೊಳೆಯೇನೋ?” ಎಂದಳು ಅಜ್ಜಿ.

“ಲೋಟ ಯಾರ ಕೈಯಿಂದ ಬರ್ತಿದೆ ನೋಡಜ್ಜಿ... ಹೆಂಗೆ ಸಾಕು ಅನ್ಲಿ?”

ಫಿದೇಲಿನಾಳ ಕೈಯಲ್ಲಿದ್ದ ನೀರು ಲೋಟದ ಹೊರಗೆ ಚೆಲ್ಲಿತು!

ಎಂಟು ದಿನದ ಒಲೆಗೆ ಮೂರು ವಾರ ಹಿಡಿಯಿತು. ಯಾಕೆಂದು ಅಜ್ಜಿಗೂ ಗೊತ್ತಿತ್ತು, ಮೇಲಿನವನಿಗೂ ಗೊತ್ತಿತ್ತು. ಕೊನೆಯ ದಿನ ಎಲಿಹಿಯೊ ಒಲೆಯ ಬೆನ್ನು ಸವರುತ್ತ ಮೆಲ್ಲಗೆ ಕೇಳಿದ.

“ಬುಧವಾರ ಚಿಪಾ ರೊಟ್ಟಿಗೆ ನಾದೋಕೆ ನಿಮ್ಮನೇರೆಲ್ಲ ಸೇರ್ತಾರಲ್ಲ ಫಿದೇ... ನಾನೂ ಹಿಟ್ಟಿಗೆ ಕೈ ಹಾಕ್ಲಾ? ಎಲ್ಲರ ಮುಂದೆ ಅಜ್ಜಿ ಹತ್ರ ನಿನ್ನನ್ನ ಕೇಳ್ತೀನಿ.”

ಬುಧವಾರದ ಹಿಟ್ಟಿಗೆ ಕೈ ಹಾಕಿದವನು ಆ ಮನೆಯವನು. ಅದನ್ನು ಬಲ್ಲ ಅವಳು ತಲೆತಗ್ಗಿಸಿ, “ಬಾ...” ಎಂದಳು.

ಅವರಾಡುವ ಗ್ವಾರಾನಿ ಮಾತಿನಲ್ಲಿ ‘ನಾವು’ ಎರಡು. ಎದುರಿಗಿರುವ ನಿನ್ನನ್ನೂ ಕೂಡಿಸಿಕೊಂಡರೆ ‘ನ್ಯಂದೇ’. ನಿನ್ನನ್ನು ಬಿಟ್ಟು ಉಳಿದವರಾದರೆ ‘ಓರೇ’. ಬಾಯಿ ತೆರೆದವನು ಎರಡರಲ್ಲೊಂದನ್ನು ಆರಿಸಲೇಬೇಕು. ನಡುವೆ ಅಡಗಲು ಜಾಗವಿಲ್ಲ.

ಬುಧವಾರ ಬಂತು. ರಾಜಧಾನಿಯಿಂದ ಚಿಕ್ಕಮ್ಮ ಪೆರ್ಲಾ ಕೂಡ ಬಂದಳು. ಫಿದೇಲಿನಾಳನ್ನು ಓದಿಸಿ ಟೀಚರ್ ಮಾಡಿದವಳು. ಮರಗೆಣಸಿನ ಹಿಟ್ಟು, ಚೀಸ್, ಮೊಟ್ಟೆ, ಸೋಂಪು ಎಲ್ಲ ದೊಡ್ಡ ಮರಿಗೆಯಲ್ಲಿ ಕಾದಿದ್ದವು. ಎಲಿಹಿಯೊ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅಜ್ಜಿ ಕೊಟ್ಟ ತೆರೆರೆ ಲೋಟವನ್ನು ಪಕ್ಕದಲ್ಲಿಟ್ಟು, ತೋಳು ಮಡಚಿ, ಮೊಣಕೈವರೆಗೂ ತೊಳೆದುಕೊಂಡ.

ಉಗುರಿನ ಸಂದಿಯ ಕೆಂಪು ಮಾತ್ರ ಹೋಗಲಿಲ್ಲ.

ಚಿಕ್ಕಮ್ಮನ ಕಣ್ಣು ಅಲ್ಲೇ ಬಿತ್ತು. “ಇವನ್ಯಾರೇ? ಈ ಕೈಲಿ ನಮ್ಮ ಹಿಟ್ಟು ಮುಟ್ತಾನಾ?”

ಎಲ್ಲರೂ ಫಿದೇಲಿನಾಳತ್ತ ತಿರುಗಿದರು. ಎಲಿಹಿಯೊ ಕೂಡ... ನಗುತ್ತಲೇ, ಅವಳ ಉತ್ತರಕ್ಕಾಗಿ.

‘ಹೇಳು... ಈಗ ಹೇಳು!’ ಎಂದಿತು ಎದೆ.

ಆದರೆ ಬಾಯಿ ಬೇರೆಯದನ್ನು ಹೇಳಿತು.

“ಒಲೆ ಕಟ್ಟಿದವರು ಚಿಕ್ಕಮ್ಮ.” ಆಮೇಲೆ ಅವನತ್ತ ತಿರುಗಿ, ಕಣ್ಣು ತಪ್ಪಿಸಿ, “ನೀವ್ಯಾಕೆ ಕಷ್ಟ ಪಡ್ತೀರಿ? ನಾದೋದು ನಾವು ನೋಡ್ಕೋತೀವಿ. ಸಂಜೆ ನಿಮ್ಮ ಪಾಲು ಕಟ್ಟಿ ಕಳಿಸ್ತೀವಿ.”

ಓರೇ ಎಂದಿದ್ದಳು. ಅವನನ್ನು ಬಿಟ್ಟ ನಾವು.

ಅವನ ಮೊಣಕೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಎಲಿಹಿಯೊ ಪಕ್ಕದಲ್ಲಿಟ್ಟಿದ್ದ ಲೋಟ ಎತ್ತಿ, ತಳ ಸದ್ದಾಗುವವರೆಗೂ ಹೀರಿ, ಅವಳ ಕೈಗೇ ಕೊಟ್ಟ.

“ಗ್ರಾಸಿಯಾಸ್.”

ಅಷ್ಟೇ! ಬೇಲಿ ದಾಟಿ ಹೊರಟುಹೋದ.

ಗುರುವಾರ ಅವಳು ಯಾರ ಮುಖವನ್ನೂ ನೋಡಲಿಲ್ಲ. ಶುಭ ಶುಕ್ರವಾರ ಊರಿನಲ್ಲಿ ಒಲೆ ಹೊತ್ತುವುದಿಲ್ಲ. ಬುಧವಾರದ ಚಿಪಾವೇ ಊಟ. ಅವನು ಕಟ್ಟಿದ ಒಲೆಯ ಚಿಪಾ... ಹದವಾಗಿ ಬೆಂದು ಹೊಂಬಣ್ಣವಾಗಿತ್ತು. ಫಿದೇಲಿನಾಳ ಬಾಯಲ್ಲಿ ಅದು ಮಣ್ಣಾಯಿತು. ನುಂಗಲೂ ಆಗದು, ಉಗುಳಲೂ ಆಗದು.

‘ಅವನ ಒಲೆ ಬೇಕಾಯ್ತು ನನಗೆ... ಅವನ ಕೈ ಬೇಡವಾಯ್ತಾ? ಥೂ!’

ಜಪಸರ ಹಿಡಿದು ಮಂಡಿಯೂರಿದಾಗ ದೇವರ ಹೆಸರಿನ ಬಳಿ ಬಂದು ನಿಲ್ಲಿಸಿಬಿಟ್ಟಳು.

“ಯಾಕೆ ಮಗಳೇ ನಿಲ್ಲಿಸಿದೆ?” ಎಂದಳು ಅಜ್ಜಿ.

“ಆಗ್ತಿಲ್ಲ ಅಜ್ಜಿ... ನಾಚಿಕೆ.”

“ಹೆಸರು ಹೇಳು. ನಮ್ಮ ಸ್ವಾಮಿ ಹೆಸರೇನು?”

“ನ್ಯಂದೇ... ಜಾರಾ.” ಅವಳ ದನಿ ಒಡೆಯಿತು.

“ನೋಡಿದ್ಯಾ? ನಮ್ಮೆಲ್ಲರ ಒಡೆಯ ಅಂತ... ಆ ಹೆಸರಲ್ಲೇ ಎಲ್ಲರೂ ಇದಾರೆ. ಪ್ರಾರ್ಥನೇಲಿ ಆ ತಂದೇನ ಕರೆಯೋವಾಗ ಮಾತ್ರ ಅವನನ್ನ ಬಿಟ್ಟು ಓರೇ ಅಂತೀವಿ. ಯಾಕಂದ್ರೆ ಅವನು ನಮ್ಮ ಹಂಗೆ ಪಾಪಿಯಲ್ಲ. ಅವನೊಬ್ಬನನ್ನ ಬಿಟ್ರೆ ಇನ್ಯಾರನ್ನ ಹೊರಗಿಡೋಕೆ ನಮಗೆ ಹಕ್ಕಿದೆ, ಹೇಳು?”

ಫಿದೇಲಿನಾ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

ಪುನರುತ್ಥಾನದ ಭಾನುವಾರ ಪೂಜೆ ಮುಗಿಸಿ ಬಂದವಳೇ ಒಲೆಗೆ ಸೌದೆ ತುಂಬಿ ಹೊತ್ತಿಸಿ, ಮರಿಗೆಗೆ ಹೊಸ ಹಿಟ್ಟು ಸುರಿದಳು. ಆಮೇಲೆ ಜಗಲಿಯಲ್ಲಿ ಚಿಪಾ ಮುರಿಯುತ್ತಿದ್ದ ಚಿಕ್ಕಮ್ಮನ ಎದುರು ನಿಂತಳು.

“ಅವತ್ತು ನಾನು ಅರ್ಧ ಹೇಳಿದೆ ಚಿಕ್ಕಮ್ಮ. ಅವನು ಒಲೆ ಕಟ್ಟಿದವನು ಮಾತ್ರ ಅಲ್ಲ. ನಾನು ಮದುವೆಯಾಗೋನು... ಅವನು ಇನ್ನೂ ಒಪ್ಪಿದ್ರೆ.”

“ಏನಂದೆ? ಇಟ್ಟಿಗೆ ಸುಡೋರ ಮನೆಗಾ! ಇದಕ್ಕಾ ನಿನ್ನ ಓದಿಸಿದ್ದು?”

“ನೀವು ನಾಲ್ಕು ದಿನದಿಂದ ತಿಂತಿರೋದು ಅವನ ಒಲೇದೇ.”

ಅಜ್ಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಗು ಕಾಣದಂತೆ ಶಾಲನ್ನು ಬಾಯಿಗೆ ಒತ್ತಿಕೊಂಡಳು.

ಹೊಳೆಯಾಚೆ, ಇಟ್ಟಿಗೆ ಗೂಡಿನ ನೆರಳಲ್ಲಿ ಎಲಿಹಿಯೊ ಅಣ್ಣಂದಿರ ನಡುವೆ ಕೂತು ತೆರೆರೆ ಹಂಚುತ್ತಿದ್ದ. ಅವಳನ್ನು ನೋಡಿಯೂ ಏಳಲಿಲ್ಲ.

“ಓಹೋ, ಟೀಚರಮ್ಮ! ಒಲೆ ಬಿರುಕು ಬಿಡ್ತಾ?” ದೊಡ್ಡಣ್ಣ ಕುಟುಕಿದ.

“ಒಲೆ ಗಟ್ಟಿಯಾಗಿದೆ. ಬಿರುಕು ಬಿಟ್ಟಿದ್ದು ನಾನು.”

ಎಲಿಹಿಯೊ ನೆಲ ನೋಡುತ್ತ ಹೇಳಿದ. “ಕೈ ತೊಳ್ಕೊಂಡು ನಿಂತಿದ್ದೆ ಫಿದೇಲಿನಾ... ಕೈ ಆರೋಕೆ ಮುಂಚೆ ನೀನು ನನ್ನ ಹೊರಗಿಟ್ಟೆ.”

“ಹೌದು, ಇಟ್ಟೆ.” ಅವಳು ನೆಪ ಹುಡುಕಲಿಲ್ಲ. “ಅವತ್ತು ನಿನ್ನ ಉಗುರಿನ ಮಣ್ಣು ನೋಡಿ ನಾಚಿದೆ. ಈಗ ಆ ನಾಚಿಕೆ ನೆನೆದೇ ಸಾಯೋ ಹಂಗಾಗಿದೆ. ಚಿಕ್ಕಮ್ಮಂಗೆ ಎಲ್ಲ ಹೇಳಿ ಬಂದಿದೀನಿ. ಒಲೆ ಕಾದಿದೆ, ಮರಿಗೆ ತುಂಬಿದೆ... ಯಾರೂ ಮುಟ್ಟಿಲ್ಲ. ಇವತ್ತು ನಾವು ನಾದ್ಬೇಕು ಎಲಿಹಿಯೊ.”

ಅಣ್ಣಂದಿರೆಲ್ಲ ಕೇಳುವಂತೆ ಮತ್ತೆ ಹೇಳಿದಳು. “ನ್ಯಂದೇ.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಕೊಂಬಿನ ಲೋಟಕ್ಕೆ ನಿಧಾನವಾಗಿ ನೀರು ಹೊಯ್ದು ಅವಳತ್ತ ಚಾಚಿದ. ಅದೇ ಕೆಂಪು ಉಗುರು! ಆ ಬೆರಳುಗಳ ಮೇಲೆ ತನ್ನ ಬೆರಳಿಟ್ಟೇ ಅವಳು ಕುಡಿದಳು... ತಳ ಸದ್ದಾಗುವವರೆಗೂ. ಏನೂ ಹೇಳದೆ ಲೋಟ ಮರಳಿ ಕೊಟ್ಟಳು.

“ಧನ್ಯವಾದ ಹೇಳಲ್ವಾ ಟೀಚರಮ್ಮ?” ಅವನ ಕಣ್ಣು ತುಂಬಿತ್ತು.

“ಇಲ್ಲ. ಮಣ್ಣಿಗೆ ಹೋಗೋವರೆಗೂ ಹೇಳಲ್ಲ.”

ಎಲಿಹಿಯೊ ಮತ್ತೆ ನೀರು ಹೊಯ್ದ.